ಸಂಪಿಗೆ ಮೆಟ್ಟಿಲೇಕೆ? ಮನೆಯ ಈಜುಕೊಳ ಮತ್ತು ಪಾಲಿಕೆಯ ಅನುಮೋದನೆ

ಬಳ್ಳಾರಿಯಲ್ಲಿ ಮನೆ ಕಟ್ಟಿಸುವವರು ಈಚೆಗೆ ನನ್ನ ಮುಂದಿಡುವ ಬೇಡಿಕೆಗಳ ಪಟ್ಟಿಯಲ್ಲಿ ದೇವರ ಕೋಣೆ, ಕಾರ್ ಶೆಡ್ಡುಗಳ ಜೊತೆಗೆ ಪುಟ್ಟದೊಂದು ಈಜುಕೊಳವೂ ಸೇರಿಕೊಂಡಿದೆ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವ ಊರಿನಲ್ಲಿ ಈ ಆಸೆ ಅಸಹಜವೇನಲ್ಲ. ಆದರೆ ಅದಕ್ಕೆ ಪಾಲಿಕೆಯ ಒಪ್ಪಿಗೆ ಬೇಕೇ ಎಂದು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಆಗಲೇ ಜೆಸಿಬಿ ಕರೆಸಿ ಗುಂಡಿ ತೋಡಿಸಿರುತ್ತಾರೆ.

ಮನೆಯವರಷ್ಟೇ ಬಳಸುವ ಕೊಳದ ಅನುಮತಿ ಕಟ್ಟಡ ನಕ್ಷೆಯ ಅನುಮೋದನೆಯಲ್ಲೇ ಅಡಗಿರುತ್ತದೆ. ಹೊಸ ಮನೆಯಾದರೆ ಮೊದಲ ನಕ್ಷೆಯಲ್ಲೇ ಕೊಳವನ್ನು ತೋರಿಸಬೇಕು. ಹಳೆಯ ಮನೆಯಾದರೆ ಪರಿಷ್ಕೃತ ನಕ್ಷೆ ಸಲ್ಲಿಸಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯು ಮೇಲ್ಛಾವಣಿಯಿಲ್ಲದ ಈಜುಕೊಳವನ್ನು ನಿವೇಶನದ ಆವೃತ ಪ್ರದೇಶದ, ಅಂದರೆ ಕಟ್ಟಡ ಆವರಿಸಿಕೊಳ್ಳುವ ನೆಲದ, ಲೆಕ್ಕಕ್ಕೆ ಸೇರಿಸುವುದಿಲ್ಲ. ಎಲ್ಲ ಗೊಂದಲಕ್ಕೂ ಇದೇ ಮೂಲ. ಲೆಕ್ಕಕ್ಕೆ ಸೇರದ್ದನ್ನು ನಕ್ಷೆಯಲ್ಲಿ ತೋರಿಸುವ ಅಗತ್ಯವೂ ಇಲ್ಲವೆಂದು ಮೇಸ್ತ್ರಿಗಳು ಹೇಳುತ್ತಾರೆ, ಮನೆಯವರು ನಂಬುತ್ತಾರೆ.

ವೃತ್ತಿಯ ಆರಂಭದಲ್ಲಿ ನಾನೂ ಒಂದು ಜಾಣತನ ಮಾಡಿದ್ದೆ. ಕಾಂಪೌಂಡಿಗೆ ಒತ್ತಿಕೊಂಡಂತೆ, ಮನೆಯ ಸುತ್ತ ಏನನ್ನೂ ಕಟ್ಟದೆ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲೇ ಬೇಕೆಂದು ಹಟ ಹಿಡಿದ ಒಬ್ಬರ ಕೊಳವನ್ನು ನಕ್ಷೆಯಲ್ಲಿ 'ಸಂಪು' ಎಂದು ಬರೆದು ಸಲ್ಲಿಸಿದೆ. ಸ್ಥಳ ಪರಿಶೀಲನೆಗೆ ಬಂದ ಎಂಜಿನಿಯರು ನಕ್ಷೆಯನ್ನೂ ಗುಂಡಿಯನ್ನೂ ಎರಡೆರಡು ಸಲ ನೋಡಿ, "ಸಂಪಿಗೆ ಮೆಟ್ಟಿಲು ಯಾಕ್ರೀ?" ಎಂದರು. ಉತ್ತರ ನನ್ನ ಬಳಿ ಇರಲಿಲ್ಲ. ಕಡತ ಮೂರು ತಿಂಗಳು ನಿಂತಿತು, ಗುಂಡಿಯನ್ನು ಭಾಗಶಃ ಮುಚ್ಚಿಸಬೇಕಾಯಿತು, ನನ್ನ ಶುಲ್ಕದ ಮಾತನ್ನು ಎತ್ತುವ ಧೈರ್ಯವೂ ಉಳಿಯಲಿಲ್ಲ. ಅನುಮೋದಿತ ನಕ್ಷೆಗೆ ವಿರುದ್ಧವಾದ ಕೆಲಸವನ್ನು ತೆರವುಗೊಳಿಸುವಂತೆ ಆದೇಶಿಸುವ ಅಧಿಕಾರವನ್ನು ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರ 321ನೆಯ ಪ್ರಕರಣವು ಆಯುಕ್ತರಿಗೆ ಕೊಟ್ಟಿದೆ ಎಂಬುದನ್ನು ನಾನು ಓದಿದ್ದು ಆ ಮೂರು ತಿಂಗಳಲ್ಲಿ.

ಸೆಟ್‌ಬ್ಯಾಕ್ ಬಿಡಬೇಕೆಂಬುದು ಬರಿಯ ಕಾಗದದ ನಿಯಮವಲ್ಲ. ಎರೆ ಮಣ್ಣು ನೀರುಂಡಾಗ ಉಬ್ಬಿ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಪಕ್ಕದ ಮನೆಯ ಪಾಯಕ್ಕೆ ಸಮೀಪವಾಗಿ ಐದಡಿ ತೋಡಿದರೆ, ಕೊಳ ಸೋರದಿದ್ದರೂ ಪಕ್ಕದವರ ಗೋಡೆ ಸೀಳಬಹುದು. ಆದ್ದರಿಂದ ಕೊಳದ ಗೋಡೆಯನ್ನು ಇಟ್ಟಿಗೆಯಲ್ಲಿ ಎಬ್ಬಿಸದೆ, ನೀರು ತುಂಬುವ ರಚನೆಗಳಿಗಾಗಿಯೇ ಇರುವ ಐಎಸ್ 3370 ಮಾನಕದಂತೆ ಆರ್‌ಸಿಸಿಯಲ್ಲಿ ವಿನ್ಯಾಸ ಮಾಡಿಸಿ, ಆ ವಿನ್ಯಾಸದ ಹಾಳೆಗೆ ಸ್ಟ್ರಕ್ಚರಲ್ ಎಂಜಿನಿಯರರ ಸಹಿ ಹಾಕಿಸಿ ಅರ್ಜಿಯ ಜೊತೆಗೇ ಲಗತ್ತಿಸುವುದು ಕ್ಷೇಮ. ಗುಡ್ಡದ ಬುಡದ ಮನೆಗಳಲ್ಲಿ ತೊಂದರೆ ಬೇರೆಯದು: ಎರಡಡಿಗೇ ಕಲ್ಲು ಸಿಗುತ್ತದೆ. ಸಿಡಿಮದ್ದಿನ ಯೋಚನೆಯನ್ನೂ ಮಾಡದೆ ಬ್ರೇಕರ್‌ನಿಂದ ಒಡೆಸಿ, ಇಲ್ಲವೇ ಕೊಳವನ್ನು ಅರ್ಧ ನೆಲದ ಮೇಲಕ್ಕೆ ಎತ್ತಿ.

ಕೂತು ಮೀಯುವ ಬಿಸಿನೀರಿನ ತೊಟ್ಟಿ, ಅಂದರೆ ಹಾಟ್ ಟಬ್, ಕೇಳುವವರು ಅದನ್ನು ಮಾಳಿಗೆಯ ಮೇಲೆ ಕೇಳುತ್ತಾರೆ. ಓಡಾಡುವ ತಾರಸಿಗೆ, ಕಟ್ಟಡದ ಮೇಲೆ ಬೀಳುವ ಭಾರಗಳ ಮಾನಕವಾದ ಐಎಸ್ 875ರ ಎರಡನೆಯ ಭಾಗವು ಚದರ ಮೀಟರಿಗೆ ಸುಮಾರು 150 ಕಿಲೋ ಭಾರವನ್ನು ಲೆಕ್ಕ ಹಿಡಿಯುತ್ತದೆ. ಎರಡು ಮೀಟರ್ ಉದ್ದಗಲದ ಟಬ್ಬಿಗೆ ನೀರು ತುಂಬಿಸಿ ನಾಲ್ಕು ಜನ ಕೂತರೆ ಅದೇ ಜಾಗದ ಮೇಲೆ ಬೀಳುವ ಭಾರ ಅದರ ಮೂರು ಪಟ್ಟನ್ನು ಮೀರಬಹುದು. ಟಬ್ಬು ತಂದಿಟ್ಟು ಪ್ಲಗ್ ಚುಚ್ಚುವ ಬಗೆಯದ್ದಾದರೂ ಈ ಲೆಕ್ಕ ತಪ್ಪುವುದಿಲ್ಲ. ಹೀಟರಿಗಾಗಿ ವಿದ್ಯುತ್ ಕಂಪನಿ ಜೆಸ್ಕಾಂನಿಂದ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕಾಗಬಹುದು. ಕರೆಂಟ್ ಸೋರಿದೊಡನೆ ಸರಬರಾಜು ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಆ ಸರ್ಕ್ಯೂಟನ್ನು ಚಾಲೂ ಮಾಡಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ.

ಇನ್ನು ನೀರು. ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕೂವರೆ ಅಡಿ ಆಳದ ಕೊಳಕ್ಕೆ ಸುಮಾರು 25 ಸಾವಿರ ಲೀಟರ್ ಬೇಕು. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಲ್ಲಿ ಇದು ಐದು ಜನರ ಕುಟುಂಬದ ಮೂವತ್ತೇಳು ದಿನಗಳ ಪಾಲು. ಬೇಸಿಗೆಯ ಬಿಸಿಲಿಗೆ ದಿನಕ್ಕೆ ಏಳು ಮಿಲಿಮೀಟರ್ ಆವಿಯಾದರೂ ಸಾಕು, ಒಬ್ಬ ಮನುಷ್ಯನ ಪಾಲು ನಿತ್ಯ ಗಾಳಿಗೆ ಹೋಗುತ್ತದೆ. ತುಂಗಭದ್ರೆಯ ಕಾಲುವೆ ನಿಂತ ಮೇಲೆ ಅಲ್ಲೀಪುರ ಕೆರೆಯ ಸಂಗ್ರಹವನ್ನೇ ನೆಚ್ಚಿಕೊಳ್ಳುವ ಊರಿನಲ್ಲಿ ನಲ್ಲಿ ನೀರಿನಿಂದ ಕೊಳ ತುಂಬಿಸುತ್ತೇವೆಂದು ಅರ್ಜಿಯಲ್ಲಿ ಬರೆಯುವುದು ತಿರಸ್ಕಾರವನ್ನು ಕರೆದು ತಂದಂತೆ. ಹಾಗೆ ತುಂಬಿಸುವುದು ನ್ಯಾಯವೂ ಅಲ್ಲ. ನೀರಿನ ಮೂಲ, ಶೋಧಕ ಯಂತ್ರ, ಮಳೆನೀರಿನ ಸಂಗ್ರಹ, ಬಳಸದಾಗ ಹೊದಿಸುವ ಹಾಳೆ, ಇವನ್ನೆಲ್ಲ ಒಂದು ಪುಟದಲ್ಲಿ ವಿವರಿಸಿ ಕೊಡಿ ಎಂದು ನಾನು ಹೇಳುತ್ತೇನೆ.

ಇ-ಖಾತಾ, ತೆರಿಗೆ ರಸೀದಿ, ಹಳೆಯ ನಕ್ಷೆ ಮೊದಲಾದ ದಾಖಲೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅವು ಎಲ್ಲ ಕಟ್ಟಡಕ್ಕೂ ಒಂದೇ. ತೋಟದ ಮನೆಯವರು ಮಾತ್ರ ಭೂಪರಿವರ್ತನೆ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಆನೆಗೊಂದಿಯ ಕಡೆ ಜಾಗವಿದ್ದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಕೇಳದೆ ಸಲಿಕೆ ಎತ್ತಬಾರದು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ.

ಕಡತಗಳು ಕೊನೆಗೆ ಸಿಕ್ಕಿಕೊಳ್ಳುವುದು ಹೊರಹೋಗುವ ನೀರಿನಲ್ಲಿ. ಫಿಲ್ಟರ್ ತೊಳೆದ ಕ್ಲೋರಿನ್ ನೀರನ್ನು ರಸ್ತೆಬದಿಯ ಮಳೆನೀರಿನ ಚರಂಡಿಗೆ ಬಿಟ್ಟರೆ ಎರಡೇ ದಿನದಲ್ಲಿ ದೂರು ಬರುತ್ತದೆ. ಅದನ್ನು ಸಣ್ಣದೊಂದು ತಂಗುಗುಂಡಿಗೆ ಹರಿಸಿ, ಅಲ್ಲಿಂದ ಒಳಚರಂಡಿಗೆ ಜೋಡಿಸುವ ಪೈಪಿನ ದಾರಿಯನ್ನು ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ತೋರಿಸಬೇಕು. ಪೈಪಿನ ಮೇಲೆ ಮಣ್ಣು ಎಳೆಯುವ ಮೊದಲು ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಟ್ಟುಕೊಂಡರೆ, ಪರಿಶೀಲನೆಯ ದಿನ ಹಾಸಿದ ಗ್ರಾನೈಟನ್ನು ಮತ್ತೆ ಕೀಳಿಸುವ ಪ್ರಮೇಯ ಬರುವುದಿಲ್ಲ.