ಅಜ್ಜನ ಕೋವಿಗೆ ತುಕ್ಕು ಹಿಡಿದಿದೆ, ತೆಗೆಯೋದು ಹೇಗೆ?

ಪ್ರಶ್ನೆ: ಕೊಡಗಿನ ವಿರಾಜಪೇಟೆ ಹತ್ತಿರದ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಮುತ್ತಜ್ಜನ ಕಾಲದ ಕೇಪಿನ ಕೋವಿ ಇದೆ, ಬಾಯಿಂದ ಮದ್ದು ತುಂಬಿ, ಕೇಪು ಎಂಬ ಪುಟ್ಟ ಸಿಡಿಯುವ ಟೋಪಿಯಿಂದ ಹೊತ್ತಿಸುವಂಥದ್ದು. ಈಗ ನನ್ನ ಪಾಲಿಗೆ ಬಂದಿದೆ. ನಳಿಗೆಯೆಲ್ಲ ಕಂದು ಬಣ್ಣ, ಅಲ್ಲಲ್ಲಿ ಕೆಂಪು ಪುಡಿ. ಈ ಸಲದ ಕೈಲ್‌ಪೊಳ್ದ್‌ಗೆ, ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಫಳಫಳ ಹೊಳೆಯುವ ಹಾಗೆ ಮಾಡಿ ಇಡಬೇಕು ಅಂತ ಆಸೆ. ಉಪ್ಪುಕಾಗದ ಹಾಕಿ ಉಜ್ಜಲಾ? ನಿಂಬೆಹುಳಿ ಹಚ್ಚಲಾ?

ಎರಡೂ ಬೇಡ. ದಯವಿಟ್ಟು ಬೇಡ. ಮಳೆ ಸ್ವಲ್ಪ ಇಳಿಯುತ್ತಿದ್ದ ಹಾಗೆ ಈ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತದೆ. ಎಲ್ಲರಿಗೂ ನಾನು ಹೇಳೋದು ಒಂದೇ. ಕೆಂಪು ಪುಡಿ ಹೋಗಬೇಕು, ಕಂದು ಬಣ್ಣ ಉಳಿಯಬೇಕು. ತುಕ್ಕು ಮುಂದೆ ಬೆಳೆಯದ ಹಾಗೆ ತಡೆದರೆ ನಿಮ್ಮ ಕೆಲಸ ಮುಗಿಯಿತು. ಹೊಳಪು ಬರಿಸಲು ಹೋದವರು ಕೋವಿಯ ಮೈಮೇಲಿದ್ದ ನೂರು ವರ್ಷವನ್ನು ಒಂದು ಮಧ್ಯಾಹ್ನದಲ್ಲಿ ಕೆರೆದು ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ಎಣ್ಣೆ, ಬಟ್ಟೆ ಕೈಗೆತ್ತಿಕೊಳ್ಳುವ ಮೊದಲು ಇನ್ನೊಂದು ಮಾತು. ಆ ಕೋವಿಯೊಳಗೆ ಈಡು, ಅಂದರೆ ತುಂಬಿಟ್ಟ ಮದ್ದು ಗುಂಡು, ಇದೆಯೋ ಇಲ್ಲವೋ ನಿಮಗೆ ಗೊತ್ತಾ?

ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ ಇದು ದೊಡ್ಡ ವಿಷಯ. ತೋಟಾ ಕೋವಿಯಾದರೆ ಮಡಚಿ ನೋಡಿದರೆ ಸಾಕು, ತೋಟೆ ಕಾಣುತ್ತದೆ. ಕೇಪಿನ ಕೋವಿಯ ಹಿಂಬದಿ ಮುಚ್ಚಿರುತ್ತದೆ. ಹಂದಿ ಕಾಯಲು ಹೋದವರು ಈಡು ಜಡಿದು, ಹೊಡೆಯದೆ ವಾಪಸ್ ಬಂದು, ಹಾಗೇ ಗೋಡೆಗೆ ತೂಗುಹಾಕಿರಬಹುದು. ಕೋವಿ ಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ತೇವ ತಾಗದಿದ್ದರೆ ಹತ್ತಾರು ವರ್ಷ ಕಳೆದರೂ ಅದರ ಶಕ್ತಿ ಹೋಗುವುದಿಲ್ಲ.

ನೋಡುವ ದಾರಿ ಸುಲಭ. ನೇರವಾದ ತೆಳು ಬಿದಿರಿನ ಕೋಲೊಂದನ್ನು ತೆಗೆದುಕೊಳ್ಳಿ. ಕಬ್ಬಿಣದ ಸರಳು ಬೇಡ. ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು, ನಿಮ್ಮ ಮುಖ, ಕೈ ಅದರ ಎದುರು ಬರಬಾರದು. ಪಕ್ಕದಲ್ಲಿ ನಿಂತು ಕೋಲನ್ನು ಮೆಲ್ಲಗೆ ಒಳಗೆ ಬಿಡಿ. ಅದು ತಡೆದು ನಿಂತ ಕಡೆ, ಬಾಯಿಯ ಅಂಚಿನ ಮಟ್ಟಕ್ಕೆ ಗುರುತು ಹಾಕಿ. ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದು ಅಳೆಯಿರಿ. ಕೋಲಿನ ತುದಿ ಕೇಪು ಕೂರುವ ತೊಟ್ಟಿನವರೆಗೂ ಬಂದರೆ ಒಳಗೆ ಖಾಲಿ. ಎರಡು ಮೂರು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಅದು ಕುಂಬಾರ ಹುಳ ಕಟ್ಟಿದ ಮಣ್ಣಿರಬಹುದು, ಹಳೆ ಬಟ್ಟೆ ಚೂರಿರಬಹುದು. ನೀವು ಮಾತ್ರ ಈಡು ಇದೆ ಎಂದೇ ತಿಳಿಯಬೇಕು. ಕುತ್ತಬೇಡಿ, ಕೊರೆಯಬೇಡಿ, ಬಿಸಿ ಮಾಡಬೇಡಿ. ತೊಟ್ಟಿನ ಮೇಲೆ ಕೇಪು ಕೂತಿದ್ದರೆ ಅದನ್ನು ಚಾಕುವಿನಿಂದ ಎಬ್ಬಿಸಲು ಹೋಗಬೇಡಿ, ಅದಕ್ಕೆ ಬಡಿಯುವ ಕುದುರೆಯನ್ನೂ ಮುಟ್ಟಬೇಡಿ. ಪೊಲೀಸ್ ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಯಲ್ಲೇ ತೆಗೆಸಿ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಕಾಗದಪತ್ರದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಹಳೇ ಕೋವಿಗೆ ಲೈಸೆನ್ಸ್ ಬೇಡ ಎಂದು ಜನ ಸುಮ್ನೆ ನಂಬಿಕೊಂಡಿದ್ದಾರೆ. 1959ರ ಆಯುಧ ಕಾಯ್ದೆ ಬಿಡುಗಡೆ ಕೊಡುವುದು ರಿಪೇರಿ ಮಾಡಿದರೂ ಹೊಡೆಯಲಾಗದಂಥ ಹಳೆಯ ಆಯುಧಕ್ಕೆ ಮಾತ್ರ. ಹೊಸ ತೊಟ್ಟು ಹಾಕಿದರೆ ಹೊಡೆಯಬಲ್ಲ ಕೋವಿಗೆ ವಯಸ್ಸು ಎಷ್ಟಾದರೂ ಈ ಬಿಡುಗಡೆ ಸಿಗುವುದಿಲ್ಲ. ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡಿದ್ದರೆ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇಟ್ಟು, ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಕೋವಿ ಇರುವಂತಿಲ್ಲ, ಹಿರಿಯರಿಂದ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು ಅದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ನೀವು ಅದರಡಿ ಬರುವವರಾದರೂ ವಿನಾಯಿತಿ ಪತ್ರ ನಿಮ್ಮ ಹೆಸರಲ್ಲಿ ಸರಿಯಾಗಿ ಇದೆಯಾ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಈಗ ತುಕ್ಕಿಗೆ ಬರೋಣ.

ನಿಮ್ಮ ನಳಿಗೆಯ ಕಂದು ಬಣ್ಣ ತುಕ್ಕೇ ಇರಬಹುದು. ಆದರೆ ಅದನ್ನು ಬೇಕೆಂದೇ ಹಿಡಿಸಿದ್ದಿರಬಹುದು! 19ನೇ ಶತಮಾನದ ಕೋವಿ ಕೆಲಸಗಾರರು ಹೊಸ ನಳಿಗೆಗೆ ತುಕ್ಕು ಬರಿಸುವ ದ್ರಾವಣ ಹಚ್ಚಿ, ತೇವದ ಗಾಳಿಯಲ್ಲಿ ಇಟ್ಟು, ಮೇಲೆದ್ದ ಪುಡಿ ಉಜ್ಜಿ ತೆಗೆದು, ಮತ್ತೆ ಹಚ್ಚುತ್ತಿದ್ದರು. ಹೀಗೆ ದಿನಗಟ್ಟಲೆ ನಡೆಯುತ್ತಿತ್ತು. ಕೊನೆಗೆ ನಯವಾದ, ಗಟ್ಟಿಯಾದ ಕಂದು ಪದರ ನಿಲ್ಲುತ್ತಿತ್ತು. ಬಿಸಿಲಿಗೆ ನಳಿಗೆ ಮಿಂಚಿ ಬೇಟೆಗೆ ಕಾಣಬಾರದು, ಎಣ್ಣೆ ಚೆನ್ನಾಗಿ ಹಿಡಿದು ನಿಲ್ಲಬೇಕು, ಅದಕ್ಕೇ ಈ ಪಾಡು. ಉಪ್ಪುಕಾಗದ ಹಾಕಿದರೆ ಮೊದಲು ಹೋಗುವುದು ಈ ಕೆಲಸವೇ.

ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು? ಒಣಗಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕಿತ್ತಳೆ ಇಲ್ಲವೇ ಕೆಂಪು ಪುಡಿ ಅಂಟಿದರೆ ಅದು ಜೀವಂತ ತುಕ್ಕು, ಕಬ್ಬಿಣವನ್ನು ಈಗಲೂ ತಿನ್ನುತ್ತಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಅದಕ್ಕೇ ಉಬ್ಬುತ್ತದೆ, ಪದರ ಪದರವಾಗಿ ಏಳುತ್ತದೆ, ಸಂದಿನಲ್ಲಿ ನೀರು ಹಿಡಿದಿಟ್ಟುಕೊಂಡು ಇನ್ನೂ ಕೆಳಗೆ ಇಳಿಯುತ್ತದೆ. ಬಟ್ಟೆಗೆ ಏನೂ ಅಂಟದ, ಬೆರಳಿಗೆ ನಯವಾಗಿ ಸಿಗುವ ಕಂದು ಅಥವಾ ಕಪ್ಪು ಬಣ್ಣವನ್ನು ಹಾಗೇ ಬಿಡಿ. ಅದು ಕೋವಿಯ ಅಂಗಿ.

ಕೆಲಸ ಶುರು ಮಾಡುವ ಮೊದಲು ಹಗಲು ಬೆಳಕಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ನಳಿಗೆಯ ಮೇಲಿನ ಅಕ್ಷರ, ಅಂಕಿ, ಪುಟ್ಟ ಮುದ್ರೆಗಳನ್ನು ಹತ್ತಿರದಿಂದ ತೆಗೆಯಿರಿ. ಕೋವಿಯ ಜಾತಕ ಅಲ್ಲೇ ಇರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಳಿಗೆ ಪರೀಕ್ಷಿಸಿ ಮುದ್ರೆ ಒತ್ತುವ ಕೇಂದ್ರ ಶುರುವಾದದ್ದು 1813ರಲ್ಲಿ, ಹಾಗಾಗಿ ಆ ಮುದ್ರೆ ಇರುವ ಕೋವಿ ಅದಕ್ಕಿಂತ ಹಿಂದಿನದಲ್ಲ. ಬಿಹಾರದ ಮುಂಗೇರ್‌ನಂಥ ಊರುಗಳಲ್ಲಿ ತಯಾರಾದ ಕೋವಿಗಳೂ ನಮ್ಮ ದೇಶದ ಮನೆಗಳಲ್ಲಿ ಇವೆ. ಗ್ರೈಂಡರ್, ಬಫಿಂಗ್ ಚಕ್ರ ಹಿಡಿದರೆ ಈ ಗುರುತೆಲ್ಲ ಅಳಿಸಿಹೋಗುತ್ತದೆ. ನಂಬರು ಅಳಿಸುವುದು ಆಯುಧ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ನಮ್ಮ ನೆಂಟರ ಮನೆಯೊಂದರಲ್ಲಿ ಜೋಡುನಳಿಗೆ ಕೋವಿ ಇತ್ತು. ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದ ಹಾಗೆ ಹೊಸೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಮಾಡುತ್ತಿದ್ದ ನಳಿಗೆ ಅದು. ಮೈಮೇಲೆ ನೀರಿನ ಸುಳಿಯಂಥ ಚಿತ್ತಾರ. ಯಾರೋ ಪ್ರೀತಿಯಿಂದಲೇ ಅದನ್ನು ವರ್ಕ್‌ಶಾಪಿಗೆ ಒಯ್ದು ಪಾಲಿಶ್ ಮಾಡಿಸಿಕೊಂಡು ಬಂದರು. ಸ್ಟೀಲ್ ಪೈಪಿನ ಹಾಗೆ ಹೊಳೆಯುತ್ತಿತ್ತು. ಚಿತ್ತಾರ ಕಾಣದಾಗಿತ್ತು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡುತ್ತಾ ಕೂತರು, ಏನೂ ಹೇಳಲಿಲ್ಲ. ನಾನು ಈ ವಿಷಯದಲ್ಲಿ ಇಷ್ಟು ಒತ್ತಿ ಹೇಳಲು ಅದೂ ಒಂದು ಕಾರಣ.

ನಿಮಗೆ ಬೇಕಾದ ಸಾಮಾನು ಕಡಿಮೆ. ಹೊಲಿಗೆ ಮೆಷಿನ್ನಿಗೆ ಹಾಕುವ ತೆಳು ಎಣ್ಣೆ, ಮೆತ್ತನೆಯ ಹಳೆ ಪಂಚೆ ಬಟ್ಟೆ, ಹಳೆ ಟೂತ್‌ಬ್ರಶ್, ಚೂಪು ಮಾಡಿದ ಬಿದಿರು ಕಡ್ಡಿ, ಮತ್ತು ನಾಲ್ಕು ಸೊನ್ನೆ ನಂಬರಿನ ಉಕ್ಕಿನ ಉಣ್ಣೆ. ಸ್ಟೀಲ್ ಊಲ್ ಎಂದು ಕೇಳಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಅದರ ಬದಲಿ ಅಲ್ಲ, ಗೀರು ಬೀಳುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಬೆವರಿನ ಉಪ್ಪು ತಾಗಿದ ಕಡೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ.

ತುಕ್ಕಿನ ಜಾಗಕ್ಕೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮರಕ್ಕೆ ಎಣ್ಣೆ ಇಳಿಯಬಾರದು. ಮರುದಿನ ಮೊದಲು ಬಟ್ಟೆಯಲ್ಲೇ ಒರೆಸಿ, ಅರ್ಧ ತುಕ್ಕು ಅದಕ್ಕೇ ಬರುತ್ತದೆ. ಉಳಿದದ್ದಕ್ಕೆ ಎಣ್ಣೆಯಲ್ಲಿ ಅದ್ದಿದ ಉಕ್ಕಿನ ಉಣ್ಣೆಯಿಂದ, ನಳಿಗೆಯ ಉದ್ದಕ್ಕೆ, ಭಾರ ಹಾಕದೆ ಉಜ್ಜಿ. ಮೊದಲ ಪ್ರಯೋಗ ನಳಿಗೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ ಮಾಡಿ. ಕಂದು ಬಣ್ಣವೂ ಬಿಡುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಬಟ್ಟೆಗೆ ವಾಪಸ್ ಹೋಗಿ. ಎದ್ದು ನಿಂತ ಗಟ್ಟಿ ಗುಳ್ಳೆಗೆ ಬಿದಿರು ಕಡ್ಡಿ ಸಾಲದಿದ್ದರೆ ಬ್ರಿಟಿಷರ ಕಾಲದ ಕಾಲಾಣೆಯಂಥ ತಾಮ್ರದ ಇಲ್ಲವೇ ಕಂಚಿನ ನಾಣ್ಯದ ಅಂಚಿನಿಂದ ಮೆಲ್ಲಗೆ ತಳ್ಳಿ. ಕಂಚು ತುಕ್ಕನ್ನು ಎಬ್ಬಿಸುತ್ತದೆ, ಉಕ್ಕಿಗಿಂತ ಮೆದುವಾದ್ದರಿಂದ ನಳಿಗೆಯನ್ನು ಗೀರುವುದಿಲ್ಲ. ಇವತ್ತಿನ ಒಂದು, ಎರಡು ರೂಪಾಯಿ ನಾಣ್ಯ ಸ್ಟೀಲಿನದು, ಅದು ಬೇಡ. ಚಿನ್ನ ಬೆಳ್ಳಿಯ ಕೆತ್ತನೆ ಕೆಲಸ ಇದ್ದರೆ ಅಲ್ಲಿ ಬಟ್ಟೆ ಬಿಟ್ಟು ಬೇರೇನೂ ಮುಟ್ಟಿಸಬೇಡಿ.

ಒಂದೇ ದಿನದಲ್ಲಿ ಮುಗಿಸಬೇಕಿಲ್ಲ. ನಾಲ್ಕು ಭಾನುವಾರ ತೆಗೆದುಕೊಳ್ಳಿ. ತುಕ್ಕು ತಿಂದ ಗುಳಿಗಳು ಹಾಗೇ ಉಳಿಯುತ್ತವೆ, ಉಳಿಯಲಿ. ಗುಳಿ ಮರೆಯಾಗುವವರೆಗೆ ಉಜ್ಜಬೇಕೆಂದರೆ ಸುತ್ತಲಿನ ಒಳ್ಳೆಯ ಕಬ್ಬಿಣವನ್ನೆಲ್ಲ ಕೆರೆಯಬೇಕಾಗುತ್ತದೆ.

ನಿಂಬೆ, ಹುಣಸೆ, ವಿನೆಗರ್, ಅಂಗಡಿಯ ರಸ್ಟ್ ರಿಮೂವರ್, ಇವೆಲ್ಲ ಹುಳಿಯೇ. ಹುಳಿಗೆ ಕೆಟ್ಟ ತುಕ್ಕು, ಒಳ್ಳೆಯ ಕಂದು ಪದರ ಎಂಬ ಭೇದ ಇಲ್ಲ. ಎರಡನ್ನೂ ತಿಂದು ಬೂದು ಬಣ್ಣದ ಬತ್ತಲೆ ಕಬ್ಬಿಣ ಉಳಿಸುತ್ತದೆ. ಅದು ಮೊದಲ ಮಳೆಗೇ ಮತ್ತೆ ಕೆಂಪಾಗುತ್ತದೆ. ಹಿತ್ತಾಳೆ ಭಾಗಗಳನ್ನೂ ದೇವರ ದೀಪದ ಹಾಗೆ ಹುಣಸೆಹಣ್ಣು ಹಾಕಿ ಬೆಳಗಬೇಡಿ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಹಚ್ಚುವ ರೂಢಿಯೂ ಇದೆ. ಅಡುಗೆ ಎಣ್ಣೆ ಕಾಲ ಕಳೆದಂತೆ ಕಮಟಿ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ, ಆ ಧೂಳು ತೇವ ಹಿಡಿಯುತ್ತದೆ.

ತೊಟ್ಟಿನ ಸುತ್ತ ಮತ್ತು ನಳಿಗೆಯ ಒಳಗೆ ತುಕ್ಕು ಜಾಸ್ತಿ ಇರುತ್ತದೆ, ನೀವೂ ಗಮನಿಸಿರಬಹುದು. ಹಳೆಯ ಕೇಪು ಸಿಡಿದಾಗ, ಮದ್ದು ಉರಿದಾಗ, ಉಪ್ಪಿನಂಥ ಪದಾರ್ಥ ಉಳಿಯುತ್ತದೆ. ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಅದು ಕರಗುವುದಿಲ್ಲ, ನೀರಲ್ಲಿ ಕರಗುತ್ತದೆ. ಹಿಂದಿನವರು ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹೊಯ್ದು ತೊಳೆಯುತ್ತಿದ್ದುದು ಇದಕ್ಕೇ. ತುಂಬ ಹಳೆಯ ಕೋವಿಗೆ ಈಗ ನೀರು ಹೊಯ್ಯಬೇಡಿ, ಸಂದಿನಲ್ಲಿ ನಿಂತುಬಿಡುತ್ತದೆ. ಖಾಲಿ ಎಂದು ಖಾತ್ರಿಯಾದ ಮೇಲೆ, ಮರದ ಕೋಲಿಗೆ ಬಟ್ಟೆ ಸುತ್ತಿ, ಸ್ವಲ್ಪವೇ ಒದ್ದೆ ಮಾಡಿ ಒಳಗೆ ಒರೆಸಿ. ಹಿಂದೆಯೇ ಒಣಬಟ್ಟೆ, ಕೊನೆಗೆ ಎಣ್ಣೆ ಬಟ್ಟೆ. ತಿರುಪು ಬಿಚ್ಚುವ ಆಸೆ ಬೇಡ, ಹಳೆಯ ತಿರುಪಿನ ತಲೆ ಒಮ್ಮೆ ಹಾಳಾದರೆ ಅದಕ್ಕೆ ಜೋಡಿ ಸಿಗುವುದಿಲ್ಲ.

ಮರದ ಹಿಡಿಗೆ ವಾರ್ನಿಶ್ ಬೇಡ. ಒಣಬಟ್ಟೆಯಲ್ಲಿ ಒರೆಸಿ, ಹುಳ ಕೊರೆದ ತೂತಿನಿಂದ ಹೊಸ ಪುಡಿ ಉದುರುತ್ತಿದೆಯಾ ಎಂದು ನೋಡಿದರೆ ಸಾಕು.

ಕೊನೆಯ ಕೈ ಮೇಣ. ಎಣ್ಣೆ ಹರಿಯುತ್ತದೆ, ಆರುತ್ತದೆ. ಮೇಣ ಹಚ್ಚಿದ ಕಡೆ ನಿಲ್ಲುತ್ತದೆ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ರಿನೈಸಾನ್ಸ್ ವ್ಯಾಕ್ಸ್ ಎಂಬ ಮೇಣವನ್ನು ವಸ್ತುಸಂಗ್ರಹಾಲಯದವರು ಕಬ್ಬಿಣಕ್ಕೂ ಮರಕ್ಕೂ ಬಳಸುತ್ತಾರೆ. ಸ್ವಲ್ಪ ದುಬಾರಿ, ಆದರೆ ಚಿಕ್ಕ ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಎಣ್ಣೆಯನ್ನೆಲ್ಲ ಒರೆಸಿ ತೆಗೆದ ಮೇಲೆ, ಬೆರಳ ತುದಿಯಷ್ಟು ಮೇಣವನ್ನು ತೆಳ್ಳಗೆ ಹಚ್ಚಿ, ಕೆಲವು ನಿಮಿಷ ಬಿಟ್ಟು ಮೆತ್ತಗೆ ಉಜ್ಜಿ.

ಇಡುವ ಜಾಗ ತಪ್ಪಿದರೆ ಇಷ್ಟು ಮಾಡಿಯೂ ಉಪಯೋಗ ಇಲ್ಲ. ಒಲೆ ದಿನವಿಡೀ ಉರಿಯುತ್ತಿದ್ದ ಕಾಲದಲ್ಲಿ ಮನೆ ಒಣಗಿರುತ್ತಿತ್ತು. ಈಗ ಗ್ಯಾಸ್ ಬಂದಿದೆ, ಎಷ್ಟೋ ಐನ್‌ಮನೆಗಳು ಮಳೆಗಾಲದಲ್ಲಿ ಬಾಗಿಲು ಮುಚ್ಚಿಯೇ ಇರುತ್ತವೆ. ಚರ್ಮದ ಚೀಲ, ರೆಗ್ಜಿನ್ ಚೀಲದಲ್ಲಿ ಕೋವಿ ಇಡಬೇಡಿ, ತೇವ ಒಳಗೇ ಕೂರುತ್ತದೆ. ಹೊರಗೋಡೆಗೆ ತಾಗಿಸಬೇಡಿ. ಬೀಗ ಹಾಕುವ ಬೀರುವಿನಲ್ಲಿ, ಗಾಳಿಯಾಡುವ ಹಾಗೆ, ಮಲಗಿಸಿ ಇಡಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಹತ್ತಿಪ್ಪತ್ತು ರೂಪಾಯಿ ನೋಡಿ ಪೊಟ್ಟಣ ಬದಲಿಸಲು ಹಿಂದೆ ಮುಂದೆ ನೋಡಬೇಡಿ.

ಹಬ್ಬದ ದಿನ ಮನೆಯ ಪೂಜಾ ಕೋಣೆಯಾದ ಕನ್ನಿ ಕೋಂಬರೆಯಲ್ಲಿ ಇಟ್ಟು, ತೋಕ್ ಪೂ ಎಂಬ ಕೋವಿ ಹೂ ಸಿಕ್ಕಿಸಿ, ಗಂಧದ ಬೊಟ್ಟಿಟ್ಟು ಪೂಜೆ ಮಾಡಿ, ಅದಕ್ಕೇ ಅಲ್ವಾ ಇಷ್ಟೆಲ್ಲ. ಬೊಟ್ಟು ಸಾಧ್ಯವಾದರೆ ಮರದ ಮೇಲಿರಲಿ, ಒದ್ದೆ ಗಂಧ ಕಬ್ಬಿಣದ ಮೇಲೆ ಒಣಗಿದ ಕಡೆ ತುಕ್ಕಿನ ಚುಕ್ಕೆ ಏಳುತ್ತದೆ. ಹೂವನ್ನು ಸಂಜೆಯೇ ತೆಗೆಯಿರಿ. ಆ ಕೋವಿಯಿಂದ ಗುಂಡು ಮಾತ್ರ ಹಾರಿಸಬೇಡಿ, ಒಳಗಿನ ಗುಳಿ, ಬಿರುಕು ಕಣ್ಣಿಗೆ ಕಾಣುವುದಿಲ್ಲ, ನಳಿಗೆ ಒಡೆದರೆ ಹಿಡಿದವರ ಕೈ ಹೋಗುತ್ತದೆ. ಮರುದಿನ ಬಿಳಿ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಬೊಟ್ಟಿಟ್ಟ ಜಾಗಕ್ಕೆ ಚೂರು ಮೇಣ ಹಚ್ಚಿ ಒಳಗಿಡಿ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಕೆಂಪು ಅಂಟದಿದ್ದರೆ ಬೇರೇನೂ ಮಾಡಬೇಡಿ, ಹಾಗೇ ಒಳಗಿಡಿ.