ಸ್ಪೆಸಿಫಿಕ್ ಗ್ರಾವಿಟಿ: ಮನೆ ವೈನಿನ ಸಕ್ಕರೆ ಲೆಕ್ಕ

ಒಂದು ದ್ರವ ಅಷ್ಟೇ ಅಳತೆಯ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದೇ ಸ್ಪೆಸಿಫಿಕ್ ಗ್ರಾವಿಟಿ. ಶಾಲೆಯಲ್ಲಿ ಓದಿದ ಸಾಪೇಕ್ಷ ಸಾಂದ್ರತೆ. ನೀರಿನದು 1.000. ಸಕ್ಕರೆ ಕರಗಿದಷ್ಟೂ ಅಂಕಿ ಏರುತ್ತದೆ, ಯೀಸ್ಟ್ ಆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದಂತೆ ಇಳಿಯುತ್ತದೆ. ಆಲ್ಕೋಹಾಲ್ ನೀರಿಗಿಂತ ಹಗುರ. ಹಾಗಾಗಿ ಸಕ್ಕರೆಯೆಲ್ಲ ತೀರಿದ ವೈನ್ 0.992ರಿಂದ 0.996ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದನ್ನು ಅಳೆಯುವುದು ಹೈಡ್ರೋಮೀಟರ್, ಅಂದರೆ ದ್ರವದಲ್ಲಿ ತೇಲಿಬಿಟ್ಟು ಓದುವ ಗೆರೆಗಳುಳ್ಳ ಕೊಳವೆ. ಹಾಲಿನ ಲ್ಯಾಕ್ಟೋಮೀಟರ್ ಇಲ್ಲಿ ನಡೆಯದು, ಅದರ ಗೆರೆಗಳು 1.040ರ ಹತ್ತಿರವೇ ಮುಗಿಯುತ್ತವೆ.

ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದ ಅಳತೆ ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ, ಒಂದು ಲೀಟರ್ ನೀರು. ಲೆಕ್ಕ ಹಾಕಿದರೆ ಹಣ್ಣಿನ ಸಕ್ಕರೆಯೂ ಸೇರಿ ಲೀಟರಿಗೆ 450 ಗ್ರಾಂ ಮೀರುತ್ತದೆ, ಗ್ರಾವಿಟಿ 1.170 ದಾಟುತ್ತದೆ. ಅಷ್ಟು ಗಟ್ಟಿ ಪಾಕ ಯೀಸ್ಟ್ ಕೋಶದೊಳಗಿನ ನೀರನ್ನೇ ಹೊರಗೆಳೆಯುತ್ತದೆ. ಯೀಸ್ಟ್ ಸೊರಗಿ ಅರ್ಧಕ್ಕೇ ನಿಲ್ಲುತ್ತದೆ. ಹೊಸಬರಿಗೆ 1.085–1.090 ಸರಿಯಾದ ಆರಂಭ. 1.110 ದಾಟಿದರೆ ತೊಡಕು ಶುರು.

ಬೆಂಗಳೂರು ಬ್ಲೂ ದ್ರಾಕ್ಷಿಯ ರಸ 1.065 ತೋರಿಸಿತು ಎನ್ನಿ. ಲೀಟರಿಗೆ 26 ಗ್ರಾಂ ಸಕ್ಕರೆ ಹಾಕಿದರೆ ಗ್ರಾವಿಟಿ ಸುಮಾರು 0.010 ಏರುತ್ತದೆ. 1.085 ಮುಟ್ಟಲು ಲೀಟರಿಗೆ 52 ಗ್ರಾಂ, ಐದು ಲೀಟರಿಗೆ 260 ಗ್ರಾಂ ಸಾಕು. ಅದು 0.995ಕ್ಕೆ ಇಳಿದಾಗ ವ್ಯತ್ಯಾಸ 0.090, ಅದನ್ನು ರೂಢಿಯ ಗುಣಕ 131ರಿಂದ ಗುಣಿಸಿದರೆ ಆಲ್ಕೋಹಾಲ್ ಸುಮಾರು ಶೇ. 11.8. ನೀರು ಬೆರೆಸುವುದಿದ್ದರೆ ಬೆರೆಸಿದ ಮೇಲೆಯೇ ಅಳೆಯಿರಿ. ಸಕ್ಕರೆ ತಳದಲ್ಲಿ ಕೂತಿದ್ದರೆ ಅಂಕಿ ತಪ್ಪುತ್ತದೆ.

ಅಳೆಯುವಾಗಲೂ ಎಡವುವುದುಂಟು. ರಸವನ್ನು ಸೋಸಿ ಅಳೆಯುವ ಜಾರ್‌ಗೆ ಹಾಕಬೇಕು. ಹೈಡ್ರೋಮೀಟರನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಡಿ. ಗುಳ್ಳೆಗಳು ಅಂಟಿಕೊಂಡರೆ ಅದನ್ನು ಮೇಲೆತ್ತಿ ಹೆಚ್ಚಿನ ಅಂಕಿ ತೋರಿಸುತ್ತವೆ. ಜಾರಿನ ಅಂಚಿಗೆ ಹತ್ತಿದ ರಸವನ್ನಲ್ಲ, ನಡುವಿನ ಸಮಮಟ್ಟವನ್ನು ಓದಿ. ಹೈಡ್ರೋಮೀಟರ್ 20 ಡಿಗ್ರಿಗೆ ಹೊಂದಿಸಿದ್ದಾಗಿ, ರಸ 30 ಡಿಗ್ರಿ ಇದ್ದರೆ ಓದಿದ ಅಂಕಿಗೆ 0.002–0.003 ಕೂಡಿಸಿ.

ಎಲ್ಲಕ್ಕಿಂತ ಅಪಾಯಕಾರಿ ತಪ್ಪು ಗುಳ್ಳೆ ನಿಂತದ್ದನ್ನು ನೋಡಿ ಬಾಟಲಿಗೆ ತುಂಬುವುದು. ಮುಚ್ಚಳ ಸಡಿಲವಿದ್ದರೆ ಹುದುಗುವಿಕೆ ಜೋರಾಗಿದ್ದರೂ ಏರ್‌ಲಾಕಿನಲ್ಲಿ (ಅನಿಲ ಹೊರಬಿಟ್ಟು ಗಾಳಿ ಒಳಬಿಡದ, ಮುಚ್ಚಳಕ್ಕೆ ಸಿಕ್ಕಿಸುವ ನೀರಿನ ಕೊಳವೆ) ಗುಳ್ಳೆ ಕಾಣದು. ಬಿಸಿಲು ಏರಿದಾಗ ಮುಗಿದ ವೈನ್ ಕೂಡ ಕರಗಿದ ಅನಿಲ ಬಿಟ್ಟು ಗುಳುಗುಳು ಎನ್ನುತ್ತದೆ. ಫ್ರಾನ್ಸಿನ ಶಾಂಪೇನ್ ಬಾಟಲಿಯಲ್ಲಿ ಸುಮಾರು 6 ಬಾರ್ ಒತ್ತಡ ಹುಟ್ಟಲು ಲೀಟರಿಗೆ 24 ಗ್ರಾಂ ಸಕ್ಕರೆ ಸಾಕು, ಅದಕ್ಕೆಂದೇ ಆ ಬಾಟಲಿಯ ಗಾಜು ದಪ್ಪ. 1.010ರಲ್ಲಿರುವ ವೈನಿನಲ್ಲಿ ಅದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ಮತ್ತೆ ಹುದುಗಿತೆಂದರೆ ಸಾಮಾನ್ಯ ಬಾಟಲಿ ಒಡೆದು ಗಾಜು ಸಿಡಿಯಬಹುದು.

ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗಲೂ 0.996 ಅಥವಾ ಅದಕ್ಕಿಂತ ಕಡಿಮೆ, ಅದೂ ಒಂದೇ ಅಂಕಿ ಬಂದರೆ ಹುದುಗುವಿಕೆ ಮುಗಿದಿದೆ. ಅಂಕಿ 1.020ರಲ್ಲೇ ನಿಂತರೆ ಅದು ಮುಗಿದದ್ದಲ್ಲ, ಸಿಕ್ಕಿಕೊಂಡದ್ದು. ಆಗ ಇನ್ನಷ್ಟು ಸಕ್ಕರೆ ಹಾಕಬೇಡಿ. ಪಾತ್ರೆಯನ್ನು 20–25 ಡಿಗ್ರಿಯಲ್ಲಿಟ್ಟು, ಬೇರೆ ಲೋಟದಲ್ಲಿ ಎಬ್ಬಿಸಿದ ಹೊಸ ವೈನ್ ಯೀಸ್ಟಿಗೆ ಈ ವೈನನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ ರೂಢಿಮಾಡಿಸಿ, ಆಮೇಲೆ ಪೂರ್ತಿ ಸೇರಿಸಿ. ಸಿಹಿ ವೈನೇ ಇಷ್ಟವಾದರೆ ಸಕ್ಕರೆ ಪೂರ್ತಿ ತೀರುವವರೆಗೆ ಹುದುಗಲು ಬಿಟ್ಟು, ಕುಡಿಯುವ ಹೊತ್ತಿಗೆ ಜಗ್ಗಿನಲ್ಲಿ ಸಕ್ಕರೆ ಪಾಕ ಬೆರೆಸಿಕೊಳ್ಳಿ.