ಬ್ರಹ್ಮಕಮಲಕ್ಕೆ ಆರತಿ, ಥಿಸ್ಮಿಯಾಗೆ ಹುಡುಕಾಟ

ಮುಂಗಾರು ಶುರುವಾದರೆ ದಾವಣಗೆರೆಯಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಯಾರದೋ ಮನೆಯಲ್ಲಿ 'ಅಪರೂಪದ ಬ್ರಹ್ಮಕಮಲ' ಅರಳಿರುತ್ತದೆ. ಅರಿಶಿನ ಕುಂಕುಮ, ಆರತಿ, ಮಧ್ಯರಾತ್ರಿಯೊಳಗೆ ಊರೆಲ್ಲ ಫೋಟೊ. ಹೂ ಚಂದ, ತಕರಾರಿಲ್ಲ. ಆದರೆ ಅದು ಮೆಕ್ಸಿಕೊ ಕಡೆಯಿಂದ ಬಂದ ಕಳ್ಳಿ ಜಾತಿಯ ಗಿಡ. ಒಂದು ಎಲೆ ಮುರಿದು ಕುಂಡದಲ್ಲಿ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಓಣಿಗೆಲ್ಲ ಹಂಚಬಹುದು. ನಿಜವಾದ ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿದೆ, ದಾವಣಗೆರೆಯ ಸೆಕೆಗೆ ಅದು ಬರುವ ಮಾತೇ ಇಲ್ಲ.

ಅಪರೂಪ ಅಂದರೆ ಥಿಸ್ಮಿಯಾ ಅಮೆರಿಕಾನಾ ಎಂಬ ಪುಟ್ಟ ಗಿಡ. 1912ರ ಆಗಸ್ಟ್‌ನಲ್ಲಿ ಷಿಕಾಗೋದ ಕ್ಯಾಲುಮೆಟ್ ಕೆರೆಯ ಹತ್ತಿರ, ಜೌಗು ಹುಲ್ಲುಗಾವಲಿನಲ್ಲಿ ನಾರ್ಮಾ ಫೈಫರ್ ಎಂಬ ವಿದ್ಯಾರ್ಥಿನಿಗೆ ಸಿಕ್ಕಿತು. ಬಿಳಿ ಹೂ, ಸುಮಾರು ಒಂದು ಸೆಂಟಿಮೀಟರ್. ಎಲೆ ಇಲ್ಲ, ಹಸಿರೂ ಇಲ್ಲ. 1916ರ ನಂತರ ಯಾರಿಗೂ ಕಂಡಿಲ್ಲ. 1991ರಲ್ಲಿ ಗುಂಪು ಕಟ್ಟಿಕೊಂಡು ಹುಡುಕಿದರು, ಆಗಲೂ ಸಿಗಲಿಲ್ಲ.

ಹಸಿರಿಲ್ಲದೆ ಬದುಕುವುದು ಹೇಗೆ? ಇದೇ ನನಗೆ ತುಂಬಾ ಇಷ್ಟವಾದ ಭಾಗ. ಒಂದು ಮದುವೆ ಮನೆ ಅಂತ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಸಕ್ಕರೆ ತಯಾರಿಸುವ ಹಸಿರು ಗಿಡಗಳೇ ಮನೆಯವರು. ಬೇರಿಗೆ ಅಂಟಿಕೊಂಡ ಶಿಲೀಂಧ್ರ ನೆಂಟ. ಅದು ಸಕ್ಕರೆ ಉಣ್ಣುತ್ತದೆ, ಮಣ್ಣಿನಿಂದ ರಂಜಕ (ಫಾಸ್ಫರಸ್) ತಂದು ಮುಯ್ಯಿ ಮಾಡುತ್ತದೆ. ಥಿಸ್ಮಿಯಾ ಕರೆಯದೆ ಬಂದ ಆಸಾಮಿ. ಮನೆಯವರ ಮುಖವನ್ನೂ ನೋಡದೆ, ನೆಂಟನ ಊಟದ ಎಲೆಗೇ ಕೈ ಹಾಕುತ್ತದೆ. ಮುಯ್ಯಿ ಗಿಯ್ಯಿ ಏನೂ ಇಲ್ಲ. ಊಟ ಮಣ್ಣಿನೊಳಗೇ ಸಿಗುವಾಗ ಮೇಲೆ ಬರುವ ಅಗತ್ಯವೇನು? ಹೂ ಬಿಡುವಾಗ ಮಾತ್ರ ಸ್ವಲ್ಪ ತಲೆ ಎತ್ತುತ್ತದೆ, ಅದೂ ಪಾಚಿ, ಹುಲ್ಲಿನ ಬುಡದಲ್ಲಿ.

ಹಾಗಾಗಿ 'ಕಾಣಲಿಲ್ಲ' ಅಂದ ಮಾತ್ರಕ್ಕೆ 'ಅಳಿದುಹೋಯಿತು' ಅನ್ನಲಾಗದು. ನಮ್ಮ ಅಗ್ನಿಶಿಖೆಯನ್ನೇ ನೋಡಿ. ಬೇಸಿಗೆಯಲ್ಲಿ ಬಳ್ಳಿಯ ಸುಳಿವೂ ಇರುವುದಿಲ್ಲ, ನೆಲದೊಳಗೆ ಗೆಡ್ಡೆ ಜೀವ ಹಿಡಿದಿರುತ್ತದೆ. ಏಪ್ರಿಲ್‌ನಲ್ಲಿ ಹುಡುಕಲು ಹೋದವನು ಇಲ್ಲ ಅಂತಲೇ ಬರೆದುಕೊಂಡು ಬರುತ್ತಾನೆ, ಅಲ್ವಾ? ಜೋಗದಲ್ಲೂ ಇಂಥದ್ದೇ ಆಯಿತು. 1919ರಲ್ಲಿ ಅಲ್ಲಿ ಹಬಾರ್ಡಿಯಾ ಎಂಬ ಹುಲ್ಲು ಸಿಕ್ಕಿತ್ತು. ಶರಾವತಿಗೆ ಅಣೆಕಟ್ಟು ಬಂದ ಮೇಲೆ ಅದರ ಕಥೆ ಮುಗಿಯಿತು ಅಂದುಕೊಂಡಿದ್ದರು. ಮುಂದೆ ಮಹಾರಾಷ್ಟ್ರದ ತಿಲಾರಿ ಘಾಟಿಯಲ್ಲಿ ಅದು ಸಿಕ್ಕಿತು.

ಇನ್ನೊಂದು ಮಾತು. ಥಿಸ್ಮಿಯಾ ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ, ಬರೀ ಹುಲ್ಲಿನಲ್ಲಿ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ಬಸ್ಸಿನಿಂದ ನೋಡಿ 'ಪಾಳು ನೆಲ' ಅನ್ನುವವರು ಜಾಸ್ತಿ. ಮಳೆ ಬಿದ್ದ ಮೇಲೆ ಇಳಿದು, ಮಂಡಿಯೂರಿ ನೋಡಿದವರು ಎಷ್ಟು ಜನ?

ಥಿಸ್ಮಿಯಾ ಇನ್ನೂ ಇದೆಯಾ? ಅದೇ ಕುಲದ ಇನ್ನೊಂದು ಗಿಡ ಥಿಸ್ಮಿಯಾ ನೆಪ್ಚೂನಿಸ್ ಬೋರ್ನಿಯೋದಲ್ಲಿ 1866ರಲ್ಲಿ ಸಿಕ್ಕಿ, ಮತ್ತೆ ಕಂಡದ್ದು 2017ರಲ್ಲಿ. ಆದರೆ ಅಲ್ಲಿ ಕಾಡು ಉಳಿದಿತ್ತು. ಕ್ಯಾಲುಮೆಟ್ ಬಳಿ ಕಾರ್ಖಾನೆಗಳು ಎದ್ದವು. ಹಸಿರು ಗಿಡ ಹೋದರೆ ಶಿಲೀಂಧ್ರಕ್ಕೆ ಊಟವಿಲ್ಲ, ಅದಕ್ಕಿಲ್ಲದಿದ್ದರೆ ಥಿಸ್ಮಿಯಾಗೂ ಇಲ್ಲ. ಆ ಮೂಲ ಜಾಗದ ಆಸೆ ನನಗಿಲ್ಲ. ಸುತ್ತಮುತ್ತ ಅಲ್ಲಲ್ಲಿ ಉಳಿದ ಹುಲ್ಲುಗಾವಲಿನ ತುಂಡುಗಳಲ್ಲಾದರೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಹುಡುಕುವುದು ದಂಡವಲ್ಲ.